ರಾತ್ರಿ ಎರಡಾದರೂ ಮಗನ ಕೈಯಲ್ಲಿ ಫೋನ್: ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ತುಮಕೂರಿನಿಂದ ಒಬ್ಬ ತಾಯಿಯ ಪ್ರಶ್ನೆ

ನಮಸ್ಕಾರ. ನನ್ನ ಮಗನಿಗೆ 17 ವರ್ಷ, ಸೆಕೆಂಡ್ ಪಿಯು ಸೈನ್ಸ್. ಎಸ್ಸೆಸ್ಸೆಲ್ಸಿಯಲ್ಲಿ ಚೆನ್ನಾಗಿ ಮಾಡಿದ್ದ. ಈಗ ರಾತ್ರಿ ಎರಡು ಗಂಟೆಯಾದರೂ ರಗ್ಗಿನೊಳಗೆ ಬೆಳಕು ಕಾಣುತ್ತದೆ. ಬೆಳಿಗ್ಗೆ ನಾಲ್ಕು ಸಲ ಕೂಗಿದರೂ ಏಳುವುದಿಲ್ಲ, ತಿಂಡಿ ತಿನ್ನದೆ ಬಸ್ಸಿಗೆ ಓಡುತ್ತಾನೆ. ಕೇಳಿದರೆ "ನೋಟ್ಸ್ ಗ್ರೂಪಿಗೆ ಬರುತ್ತೆ" ಅನ್ನುತ್ತಾನೆ. ಅದು ಸುಳ್ಳೂ ಅಲ್ಲ, ಕಾಲೇಜಿನವರು ಎಲ್ಲವನ್ನೂ ವಾಟ್ಸಾಪ್‌ನಲ್ಲೇ ಹಾಕುತ್ತಾರೆ. ಕಳೆದ ವಾರ ಅವರಪ್ಪ ಫೋನ್ ಕಿತ್ತುಕೊಂಡರು. ಎರಡು ದಿನ ಊಟ ಬಿಟ್ಟ, ಮಾತು ಬಿಟ್ಟ. ನನಗೆ ನೋಡಲಾಗಲಿಲ್ಲ, ವಾಪಸ್ ಕೊಟ್ಟೆ. ಕಿತ್ತುಕೊಳ್ಳೋದೂ ತಪ್ಪು, ಬಿಡೋದೂ ತಪ್ಪು ಅನ್ನಿಸುತ್ತಿದೆ. ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಹಾಸನದಿಂದ ಇನ್ನೊಬ್ಬ ತಾಯಿ

ಅಕ್ಕಾ, ಓದುತ್ತಿದ್ದಂತೆ ನಮ್ಮದೇ ಮನೆ ಕಣ್ಣ ಮುಂದೆ ಬಂತು. ಹಗಲಿನ ಫೋನಿನ ಬಗ್ಗೆ ಸದ್ಯಕ್ಕೆ ಜಗಳ ಬೇಡ. ರಾತ್ರಿಯನ್ನು ಮಾತ್ರ ಉಳಿಸಿಕೊಳ್ಳಿ. ನಮಗೆ ಇಷ್ಟು ಅರ್ಥವಾಗಲು ಎರಡು ವರ್ಷ ಬೇಕಾಯಿತು.

2020ರ ಮಾರ್ಚ್‌ನಲ್ಲಿ ಸ್ಕೂಲುಗಳು ಮುಚ್ಚಿದವಲ್ಲ, ಆಗ ಮಗಳು ಎಂಟನೇ ಕ್ಲಾಸಿಗೆ ಹೋಗಬೇಕಿತ್ತು. ಆನ್‌ಲೈನ್ ಕ್ಲಾಸಿಗೆಂದು ನಾವೇ ಫೋನ್ ಕೊಡಿಸಿದೆವು. ಅದೂ ಕಂತಿನಲ್ಲಿ. ಸ್ಕೂಲು ಮತ್ತೆ ತೆರೆಯಿತು, ಫೋನ್ ಮಾತ್ರ ಅವಳ ಕೈಯಿಂದ ಇಳಿಯಲಿಲ್ಲ. ಫಸ್ಟ್ ಪಿಯುಗೆ ಬರುವಷ್ಟರಲ್ಲಿ ಥೇಟ್ ನಿಮ್ಮ ಮಗನ ಹಾಗೇ ಆಗಿದ್ದಳು. ನಾವು ವೈಫೈ ಪಾಸ್‌ವರ್ಡ್ ಬದಲಿಸಿದೆವು. ಅವಳು ಪಕ್ಕದ ಮನೆ ಹುಡುಗಿಯ ಹಾಟ್‌ಸ್ಪಾಟ್ ಹಿಡಿದಳು. ಫೋನ್ ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಒಂದು ದಿನ ಬಚ್ಚಲ ಮನೆಯ ಕಪಾಟು ಕ್ಲೀನ್ ಮಾಡುವಾಗ ಪ್ಯಾಡ್ ಪ್ಯಾಕೆಟ್ಟಿನೊಳಗೆ ನಮ್ಮ ಹಳೇ ಒಡೆದ ಫೋನ್ ಸಿಕ್ಕಿತು. ಅಪ್ಪ ಕೈ ಹಾಕದ ಜಾಗ ಅಂತ ಅಲ್ಲಿಟ್ಟಿದ್ದಳು. ಅವತ್ತು ನನಗೆ ಸಿಟ್ಟಿಗಿಂತ ಹೆದರಿಕೆ ಜಾಸ್ತಿ ಆಯಿತು. ಸುಳ್ಳೇ ಹೇಳದ ಮಗುವಿಗೆ ನಾವೇ ಬಚ್ಚಿಡುವುದನ್ನು ಕಲಿಸಿದ್ದೆವು.

ಒಂದು ರಾತ್ರಿ ಒಂದೂವರೆಗೆ ಎದ್ದು ಅವಳ ರೂಮಿಗೆ ಹೋದೆ. ಬೈಯಲಿಲ್ಲ. ಹಾಸಿಗೆ ಮೇಲೆ ಪಕ್ಕದಲ್ಲಿ ಕೂತೆ. "ಏನು ನೋಡ್ತಿದೀಯ, ನಂಗೂ ತೋರ್ಸು" ಅಂದೆ. ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ ಸ್ಕ್ರೀನ್ ನನ್ನ ಕಡೆ ತಿರುಗಿಸಿದಳು. ಹೈಸ್ಕೂಲಿನ ಮೂವರು ಗೆಳತಿಯರು ಎಲ್ಲೋ ಸುತ್ತಾಡಿ ಬಂದ ಫೋಟೋಗಳು. ಇವಳನ್ನು ಕರೆದಿರಲಿಲ್ಲ. ಅವರು ಹೊಸ ಗ್ರೂಪ್ ಮಾಡಿಕೊಂಡಿದ್ದರು, ಅದರಲ್ಲೂ ಇವಳಿರಲಿಲ್ಲ. ಯಾರು ಆನ್‌ಲೈನ್ ಇದ್ದಾರೆ, ಯಾರು ಯಾರ ಫೋಟೋಗೆ ಏನು ಬರೆದಿದ್ದಾರೆ ಅಂತ ತಿಂಗಳುಗಟ್ಟಲೆ ರಾತ್ರಿಯೆಲ್ಲ ನೋಡುತ್ತಿದ್ದಳಂತೆ. ನಾನು ಇವಳು ರೀಲ್ಸ್ ನೋಡಿ ನಗುತ್ತಿದ್ದಾಳೆ ಅಂದುಕೊಂಡು ಕೂಗಾಡುತ್ತಿದ್ದೆ. ಅವಳು ಅಲ್ಲಿ ಅಳುತ್ತಿದ್ದಳು. ನಿಮ್ಮ ಮಗ ಅಲ್ಲಿ ಏನು ಹುಡುಕುತ್ತಿದ್ದಾನೆ ಅಂತ ಒಮ್ಮೆ ಹೀಗೆ ಪಕ್ಕದಲ್ಲಿ ಕೂತು ಕೇಳಿ. ಮೊದಲ ದಿನವೇ ಹೇಳದಿರಬಹುದು. ಇನ್ನೊಂದು ದಿನ ಮತ್ತೆ ಕೂತುಕೊಳ್ಳಿ.

ಅದಾದ ಮೇಲೆ ಮನೆಗೆಲ್ಲ ಒಂದೇ ನಿಯಮ ಮಾಡಿದೆವು. ರಾತ್ರಿ ಹತ್ತಕ್ಕೆ ಎಲ್ಲರ ಫೋನೂ ಹಾಲ್‌ನಲ್ಲಿ, ಟಿವಿ ಪಕ್ಕದ ಎಕ್ಸ್‌ಟೆನ್ಶನ್ ಬಾಕ್ಸಿಗೆ. ನನ್ನದು, ಯಜಮಾನರದು, ಅತ್ತೆಯದು, ಅವಳದು. ಯಜಮಾನರು "ಆಫೀಸಿಂದ ಫೋನ್ ಬಂದ್ರೆ?" ಅಂದರು. ರಿಂಗ್ ಜೋರಾಗಿಡಿ, ಎದ್ದು ಹೋಗಿ ಎತ್ತಿಕೊಳ್ಳಿ ಅಂದೆ. ನಿಜ ಹೇಳಬೇಕೆಂದರೆ ಮೊದಲ ವಾರ ಅವಳಿಗಿಂತ ನಮಗೇ ಕಷ್ಟವಾಯಿತು. ಅವಳಿಗೂ ಸುಲಭವಿರಲಿಲ್ಲ. ನಾಲ್ಕೈದು ದಿನ ಮುಟ್ಟಿದರೆ ಸಿಡಿಯುತ್ತಿದ್ದಳು. ರಾತ್ರಿ ನೋಡಲು ಹೋದರೆ ನಿದ್ದೆಯಲ್ಲೇ ಅವಳ ಕೈ ದಿಂಬಿನ ಕೆಳಗೆ ಹೋಗಿ ತಡಕಾಡುತ್ತಿತ್ತು. ಅದನ್ನು ನೋಡಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಮೂರನೇ ವಾರದ ಭಾನುವಾರ, ಯಾರೂ ಕೂಗದೆ ಏಳು ಗಂಟೆಗೆ ಮುಂಚೆ ಎದ್ದು ಬಂದು ಅಡುಗೆಮನೆ ಕಟ್ಟೆ ಮೇಲೆ ಕೂತಳು. "ಕಾಫಿ ಕೊಡಮ್ಮ" ಅಂದಳು. ಅಷ್ಟೇ. ಮಾರ್ಕ್ಸ್ ತಕ್ಷಣ ಏರಲಿಲ್ಲ. ಹಗಲು ಈಗಲೂ ಎರಡು ಗಂಟೆ ಫೋನ್ ನೋಡುತ್ತಾಳೆ. ಆದರೆ ಡಿಗ್ರಿ ಓದುತ್ತಿರುವ ಈ ಹೊತ್ತಿಗೂ ಹತ್ತಕ್ಕೆ ತಾನೇ ತಂದು ಚಾರ್ಜಿಗೆ ಹಾಕುತ್ತಾಳೆ.

ದಾವಣಗೆರೆಯಿಂದ ಪಿಯು ಉಪನ್ಯಾಸಕರೊಬ್ಬರು

ಅಮ್ಮಾ, ನಾನು ಬೆಳಿಗ್ಗೆ ಮೊದಲ ಪೀರಿಯಡ್ ಫಿಸಿಕ್ಸ್ ತೆಗೆದುಕೊಳ್ಳುವವನು. ಹಿಂದಿನ ಎರಡು ಬೆಂಚು ಪೂರ್ತಿ ಡೆಸ್ಕಿನ ಮೇಲೆ ತಲೆ ಇಟ್ಟಿರುತ್ತವೆ. ಒಂದು ದಿನ ಪಾಠ ನಿಲ್ಲಿಸಿ, ಹನ್ನೆರಡರ ಮೇಲೆ ಮಲಗಿದವರು ಕೈ ಎತ್ತಿ ಅಂದೆ. ಅರ್ಧಕ್ಕಿಂತ ಜಾಸ್ತಿ ಕೈ ಮೇಲೆದ್ದವು. ಹಾಸನದ ತಾಯಿ ಹೇಳಿದ್ದು ಸರಿ, ಮೊದಲು ಕೆಡುವುದು ನಿದ್ದೆ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ, ಬೆಳಿಗ್ಗೆ ಹಸಿವಾಗುವುದಿಲ್ಲ.

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ದೇಹದ ಗಡಿಯಾರ ತಾನಾಗೇ ತಡವಾಗುತ್ತದೆ. ನಿದ್ದೆ ಬರಿಸುವ ಮೆಲಟೋನಿನ್ ಅವರಲ್ಲಿ ದೊಡ್ಡವರಿಗಿಂತ ತಡವಾಗಿ ಏರುತ್ತದೆ. ಮುಖದ ಹತ್ತಿರ ಹಿಡಿದ ಸ್ಕ್ರೀನಿನ ಬೆಳಕು ಅದನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ. ಇನ್ನು ನೋಡುವುದಕ್ಕಂತೂ ಕೊನೆಯೇ ಇಲ್ಲ. ಮೊದಲೆಲ್ಲ ಪುಟ ಮುಗಿಯುತ್ತಿತ್ತು, ಮುಂದಿನದಕ್ಕೆ ಒತ್ತಬೇಕಿತ್ತು. ಮುಗಿಯದೆ ಕೆಳಗಿಳಿಯುತ್ತಲೇ ಹೋಗುವ ಈ ಸ್ಕ್ರೋಲನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಮುಂದೆ ಅದಕ್ಕೆ ತಾವೇ ಬಹಿರಂಗವಾಗಿ ಬೇಸರಪಟ್ಟರು. ಮುಂದಿನ ವಿಡಿಯೋ ಚೆನ್ನಾಗಿರಬಹುದು, ಇರದೆಯೂ ಇರಬಹುದು. ಆ ಗೊತ್ತಿಲ್ಲದಿರುವುದೇ ಬೆರಳನ್ನು ಎಳೆಯುತ್ತದೆ. ಹಾಗಾಗಿ ಇದನ್ನು ನಿಮ್ಮ ಮಗನ ಸೋಮಾರಿತನ ಅಂತ ದಯವಿಟ್ಟು ಕರೆಯಬೇಡಿ. ಆ ಮಾತು ಮಕ್ಕಳ ಮನಸ್ಸಿನಲ್ಲಿ ತುಂಬಾ ದಿನ ಉಳಿಯುತ್ತದೆ.

ನೋಟ್ಸ್ ವಿಷಯದಲ್ಲಿ ತಪ್ಪು ನಮ್ಮ ಕಡೆಯವರದೂ ಇದೆ, ಒಪ್ಪುತ್ತೇನೆ. ನಮ್ಮಲ್ಲಿ ಸಂಜೆ ಏಳರ ಮೇಲೆ ಗ್ರೂಪಿಗೆ ಏನೂ ಹಾಕಬಾರದು ಅಂತ ಮಾಡಿಕೊಂಡಿದ್ದೇವೆ. ಒಂದು ಪ್ರತಿಯನ್ನು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಇಡುತ್ತೇವೆ. ನೀವು ಪೇರೆಂಟ್ಸ್ ಮೀಟಿಂಗ್‌ನಲ್ಲಿ ಇದನ್ನು ಕೇಳಿ. ಒಬ್ಬರೇ ಕೇಳಿದರೆ ತಳ್ಳಿಹಾಕುತ್ತಾರೆ, ನಾಲ್ಕು ಜನ ಸೇರಿ ಕೇಳಿ.

ಮಂಡ್ಯದಿಂದ ಒಬ್ಬ ತಂದೆ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮಗಳ ಎಸ್ಸೆಸ್ಸೆಲ್ಸಿ ವರ್ಷ ನಾವು ಕೀಪ್ಯಾಡ್ ಫೋನ್ ಕೊಟ್ಟೆವು, ಪೂರ್ತಿ ವರ್ಷ. ಅವಳು ಒಪ್ಪಿಕೊಂಡಳು, ಚೆನ್ನಾಗಿಯೇ ಆಯಿತು. ಆದರೆ ಅದೇ ಉಪಾಯ ಅವಳ ಅಣ್ಣನ ಹತ್ತಿರ ನಡೆಯಲಿಲ್ಲ, ಅವನಿಗಾಗ 18. ಹದಿನೈದರ ಒಳಗಿದ್ದರೆ ಯೋಚಿಸಬಹುದು. ನಿಮ್ಮ ಮಗನ ವಯಸ್ಸಿಗೆ ಮಾತಾಡಿ ಒಪ್ಪಿಸುವುದೇ ದಾರಿ.

ಬೆಂಗಳೂರಿನಲ್ಲಿ ಕೆಲಸ ಮಾಡುವ, ಶಿರಸಿ ಕಡೆಯ 22ರ ಯುವಕ

ಆಂಟಿ, ನಾನು ನಿಮ್ಮ ಮಗನ ಜಾಗದಲ್ಲಿ ಇದ್ದವನು, ಅದಕ್ಕೇ ಬರೆಯುತ್ತಿದ್ದೇನೆ. ಹಾಸ್ಟೆಲಿನಲ್ಲಿ ರಾತ್ರಿ ಹನ್ನೊಂದರಿಂದ ಮೂರರವರೆಗೆ ನಾಲ್ಕು ಜನ ಸೇರಿ ಗೇಮ್ ಆಡುತ್ತಿದ್ದೆವು. ಮಧ್ಯದಲ್ಲಿ ಎದ್ದರೆ ಉಳಿದ ಮೂವರು ಸೋಲುತ್ತಾರೆ, ಬೈಯುತ್ತಾರೆ. ಅಮ್ಮ "ಐದು ನಿಮಿಷಕ್ಕೆ ಬಂದು ಮಾತಾಡು" ಅಂದರೂ ಆಗುತ್ತಿರಲಿಲ್ಲ. ಅದು ಅಹಂಕಾರವಲ್ಲ. ಆಟ ಮುಗಿಯದೆ ಏಳಲು ಆಗುವುದಿಲ್ಲ, ಅಷ್ಟೇ. ಮಗನಿಗೆ ಗೇಮಿನ ಚಟವಿದ್ದರೆ "ಈಗಲೇ ಇಡು" ಅನ್ನಬೇಡಿ. "ಈ ಮ್ಯಾಚ್ ಮುಗಿದ ಮೇಲೆ ಇಡು" ಅನ್ನಿ. ಇದರಿಂದ ಅರ್ಧ ಜಗಳ ಕಡಿಮೆಯಾಗುತ್ತದೆ.

ಆಮೇಲೆ ನಾನು ಹಣ ಹಾಕಿ ಆಡುವ ಆಟಕ್ಕೆ ಬಿದ್ದೆ. ಮೆಸ್ ಬಿಲ್ಲಿನ ದುಡ್ಡು ಹೋಯಿತು, ಗೆಳೆಯರ ಹತ್ತಿರ ಸಾಲವಾಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು ಅಂಥ ಆಟಗಳಿಗೆ ನಿಷೇಧ ಬಿತ್ತು. ಆದರೂ ಲಿಂಕುಗಳು ಹುಡುಗರ ನಡುವೆ ಓಡಾಡುತ್ತವೆ. ಅವನು ಪದೇ ಪದೇ ದುಡ್ಡು ಕೇಳುತ್ತಿದ್ದರೆ ಹೊಡೆಯದೆ, ಕೂಗದೆ ಕೇಳಿ. ನಾನು ಅಪ್ಪನಿಗೆ ಹೇಳಲು ಏಳು ತಿಂಗಳು ಹೆದರಿದೆ. ಹೇಳಿದ ದಿನ ಅಪ್ಪ ಬೈಯಲಿಲ್ಲ. ಮರುದಿನ ಬಸ್ ಹತ್ತಿ ಬೆಂಗಳೂರಿಗೆ ಬಂದರು.

ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕೆಂದೇ 2014ರಿಂದ "ಶಟ್" ಅನ್ನುವ ಕ್ಲಿನಿಕ್ ಇದೆ. ಫೋನು, ಗೇಮು, ಇಂಟರ್ನೆಟ್ ಬಿಡಲಾಗದವರಿಗಾಗಿ. ಅಲ್ಲಿಗೆ ಹೋದರೆ ಹುಚ್ಚು ಅನ್ನುತ್ತಾರೆ ಅಂತ ನಾನು ಹೆದರಿದ್ದೆ. ಹಾಗೇನೂ ಇಲ್ಲ. ಊಟ ಬಿಟ್ಟ ಅಂದಿರಲ್ಲ, ಅದು ಮತ್ತೆ ಮತ್ತೆ ಆದರೆ, ಗೆಳೆಯರನ್ನೂ ದೂರ ಮಾಡಿದರೆ, ಬದುಕೇ ಬೇಡ ಎಂಬಂಥ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಅಷ್ಟು ದೂರ ಹೋಗಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಕೆಲವು ಸಲ ಫೋನ್ ಕಾಯಿಲೆ ಆಗಿರುವುದಿಲ್ಲ. ಒಳಗೆ ಬೇರೆ ನೋವಿರುತ್ತದೆ, ಅದನ್ನು ಮರೆಯಲು ಫೋನ್ ಹಿಡಿದಿರುತ್ತೇವೆ.

ಮೈಸೂರಿನಿಂದ, ಕಣ್ಣು ಪರೀಕ್ಷೆ ಮಾಡುವವರು

ಚಿಕ್ಕದಾಗಿ ಹೇಳುತ್ತೇನೆ. ಸ್ಕ್ರೀನ್ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಅದಕ್ಕೇ ಉರಿ, ತುರಿಕೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಲಿ. ವರ್ಷಕ್ಕೊಮ್ಮೆ ಕಣ್ಣು ತೋರಿಸಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ದಿನಾ ಬಯಲಲ್ಲಿ ಆಡಲು ಕಳಿಸಿ. ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ಮೈನಸ್ ಪವರ್ ಬರುವುದು ಕಡಿಮೆ.

ಬೆಳಗಾವಿಯಿಂದ ಒಬ್ಬ ಶಿಕ್ಷಕಿ

ನಮ್ಮ ಬೆಳಗಾವಿ ಹತ್ತಿರದ ಹಲಗಾ ಊರಲ್ಲಿ 2024ರ ಡಿಸೆಂಬರ್‌ನಲ್ಲಿ ಒಂದು ಪದ್ಧತಿ ಶುರು ಮಾಡಿದರು. ಸಂಜೆ ಏಳಕ್ಕೆ ಸೈರನ್. ಅಲ್ಲಿಂದ ಒಂಬತ್ತರವರೆಗೆ ಟಿವಿ, ಫೋನ್ ಬಂದ್, ಮಕ್ಕಳು ಓದಲು ಕೂರಬೇಕು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರಲ್ಲೇ ಇಂಥದ್ದು ಶುರುವಾಗಿತ್ತು. ನನಗೆ ಹಿಡಿಸಿದ್ದು ಸೈರನ್ ಅಲ್ಲ. ಇಡೀ ಊರು ಒಟ್ಟಿಗೆ ಬಿಡುತ್ತದೆ, ಹಾಗಾಗಿ "ನಾನೊಬ್ಬನೇ ಗ್ರೂಪಿನಿಂದ ಹೊರಗೆ" ಅನ್ನುವ ಭಯ ಮಕ್ಕಳಿಗೆ ಇರುವುದಿಲ್ಲ. ನಿಮ್ಮ ಮಗನ ಹತ್ತಿರದ ಗೆಳೆಯರು ಮೂರು ನಾಲ್ಕು ಜನ ಇರುತ್ತಾರಲ್ಲ, ಅವರ ತಾಯಂದಿರ ನಂಬರ್ ತಗೊಳ್ರಿ. ಹತ್ತು ಗಂಟೆಗೆ ಎಲ್ಲಾ ಮನೆಯಲ್ಲೂ ಫೋನ್ ಹೊರಗೆ ಅಂತ ಮಾತಾಡಿಕೊಳ್ರಿ. ನಮ್ಮ ಓಣಿಯಲ್ಲಿ ಐದು ಮನೆಯವರು ಹಿಂಗೇ ಮಾಡೇವಿ.

ತುಮಕೂರಿನ ತಾಯಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಅವನ ಪಕ್ಕ ಕೂತಿದ್ದೆ. ಏನೂ ಹೇಳಲಿಲ್ಲ, ಆದರೆ ಎದ್ದು ಹೋಗು ಅಂತಲೂ ಅನ್ನಲಿಲ್ಲ. ಅವರಪ್ಪ ತಮ್ಮ ಫೋನನ್ನೂ ಹಾಲ್‌ನಲ್ಲಿಡಲು ಒಪ್ಪಿದ್ದಾರೆ. ಒಂದೇ ತೊಡಕು. ಬೆಳಿಗ್ಗೆ ಅಲಾರಂ ಬೇಕು, ಅದಕ್ಕೆ ಫೋನ್ ತಲೆ ಹತ್ತಿರವೇ ಇರಬೇಕು ಅನ್ನುತ್ತಿದ್ದಾನೆ.

ಹಾಸನದ ತಾಯಿ

ನಮ್ಮವಳೂ ಅದನ್ನೇ ಅಂದಿದ್ದಳು ಅಕ್ಕಾ. ವಾಚ್ ರಿಪೇರಿ ಅಂಗಡಿಯಲ್ಲಿ ಸೆಲ್ ಹಾಕುವ ಟೇಬಲ್ ಗಡಿಯಾರ ಸಿಗುತ್ತದೆ. ಟಿಕ್ ಟಿಕ್ ಸದ್ದು ಮಾಡದ್ದನ್ನು ಕೇಳಿ ತನ್ನಿ, ಇಲ್ಲದಿದ್ದರೆ ಆ ಸದ್ದೇ ನಿದ್ದೆಗೆ ಅಡ್ಡಿ. ಅವನನ್ನೇ ಕರೆದುಕೊಂಡು ಹೋಗಿ, ಅವನೇ ಆರಿಸಲಿ. ಹಾಸಿಗೆಯಿಂದ ಕೈಗೆ ಎಟುಕದ ಕಡೆ ಇಡಿ, ಎದ್ದು ಹೋಗಿಯೇ ಆಫ್ ಮಾಡಬೇಕು. ನಮ್ಮದು ಕಿಟಕಿ ಕಟ್ಟೆ ಮೇಲಿದೆ.