ಹಸಿವಿಲ್ಲ, ರೋಗವಿಲ್ಲ, ಆಯ್ಕೆಯೂ ಇಲ್ಲ: ಅಂಥ ಕಡೆ ನೀವು ಇರ್ತೀರಾ?

ಬಿ.ಎ. ವಿದ್ಯಾರ್ಥಿನಿ, ಚಿಂತಾಮಣಿ

ಕಾಲೇಜಿನ ಸೆಮಿನಾರಿಗೆ ನನಗೆ ಆಲ್ಡಸ್ ಹಕ್ಸ್‌ಲಿ 1932ರಲ್ಲಿ ಪ್ರಕಟಿಸಿದ ಕಾದಂಬರಿ ‘ಬ್ರೇವ್ ನ್ಯೂ ವರ್ಲ್ಡ್’ ಬಂದಿದೆ. ಅದರಲ್ಲಿ ಮಕ್ಕಳು ಬಾಟಲಿಯಲ್ಲಿ ಬೆಳೀತಾರೆ. ಮೇಲಿನ ಆಲ್ಫಾದಿಂದ ಕೆಳಗಿನ ಎಪ್ಸಿಲಾನ್‌ವರೆಗೆ ಐದು ವರ್ಗ, ಯಾರು ಯಾವ ಕೆಲಸ ಮಾಡಬೇಕು ಅನ್ನೋದು ಹುಟ್ಟೋ ಮುಂಚೆಯೇ ತೀರ್ಮಾನ. ಬೇಜಾರಾದ್ರೆ ಸೋಮಾ ಮಾತ್ರೆ. ಯುದ್ಧವಿಲ್ಲ, ಹಸಿವಿಲ್ಲ. ಕ್ಲಾಸಲ್ಲಿ ಎಲ್ಲರೂ ಎಂಥ ನರಕ ಅಂದ್ರು, ನನಗೆ ಹಾಗನ್ನಿಸಲಿಲ್ಲ. ನಮ್ಮಣ್ಣ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಅಲೀತಿದ್ದಾನೆ. ಬೆಳಿಗ್ಗೆ ನರಸಾಪುರದ ಫ್ಯಾಕ್ಟರಿಗಳ ಕಡೆ ಹೋಗಿ ಗೇಟಲ್ಲಿ ರೆಸ್ಯುಮೆ ಕೊಟ್ಟು ಬರ್ತಾನೆ, ರಾತ್ರಿ ಊಟಕ್ಕೆ ಕೂತ್ರೆ ಅಪ್ಪನ ಮುಖ ನೋಡಲ್ಲ. ಅವನನ್ನ ಯಾರಾದ್ರೂ ಕರೆದು ‘ಇದೇ ನಿನ್ನ ಕೆಲಸ, ಸಾಯೋತನಕ ಇದೇ’ ಅಂದಿದ್ರೆ ಕುಣಿದಾಡ್ತಿದ್ದ. ಈ ಸ್ವಾತಂತ್ರ್ಯ ಇಟ್ಕೊಂಡು ಏನು ಮಾಡೋದು? ಯೋಚಿಸಿ ಹೇಳಿ, ಭಾಷಣ ಬೇಡ.

ನರ್ಸ್, ತುಮಕೂರು

ನಿಮ್ಮ ಮಾತು ತಳ್ಳಿಹಾಕೋ ಹಾಗಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಿ.ಎಚ್. ರಸ್ತೆಯಲ್ಲಿ ಆಟೊಗೆ ಕಾಯೋವಾಗ ಕಂಬದ ಮೇಲೆ ಕ್ಯಾಮೆರಾ ಕಂಡ್ರೆ ನನಗೆ ಧೈರ್ಯ. ಓದೋವಾಗ ನಮ್ಮ ಹಾಸ್ಟೆಲ್ ವರಾಂಡದಲ್ಲೂ ಒಂದಿತ್ತು. ಯಾರು ಎಷ್ಟೊತ್ತಿಗೆ ಬಂದ್ರು, ಯಾರ ಜೊತೆ ಬಂದ್ರು ಅಂತ ಅದನ್ನ ನೋಡ್ಕೊಂಡು ಮನೆಗೆ ಫೋನ್ ಮಾಡೋರು. ಅದಕ್ಕೆ ಬಟ್ಟೆ ಮುಚ್ಚಬೇಕು ಅನ್ನಿಸ್ತಿತ್ತು.

ನೀರಗಂಟಿ ಮೊಮ್ಮಗ, ಮುಳಬಾಗಿಲು

ನಮ್ಮ ತಾತ ನೀರಗಂಟಿ, ಅವರಪ್ಪನೂ ನೀರಗಂಟಿ. ಹಾಗಾಗಿ ಆ ಕಾದಂಬರಿ ಓದಿದಾಗ ನನಗೆ ಮುಂದಿನ ಕಾಲದ ಕಥೆ ಅನ್ನಿಸ್ಲೇ ಇಲ್ಲ. ಹುಟ್ಟೋ ಮುಂಚೆ ಕೆಲಸ ಗೊತ್ತು ಮಾಡೋಕೆ ನಮ್ಮೂರಿಗೆ ಬಾಟಲಿ ಬೇಕಾಗಿರಲಿಲ್ಲ, ಕೇರಿ ಸಾಕಾಗಿತ್ತು.

ಕೆರೆ ತೂಬು ಎತ್ತೋದು ತಾತನ ಕೆಲಸ. ಎಷ್ಟೇ ದೊಡ್ಡ ಜಮೀನುದಾರ ಆದ್ರೂ ತಾನಾಗಿ ತೂಬು ಮುಟ್ಟೋ ಹಾಗಿರಲಿಲ್ಲ. ಯಾವ ಗದ್ದೆಗೆ ಯಾವಾಗ, ಎಷ್ಟು ಹೊತ್ತು ನೀರು ಅನ್ನೋದು ತಾತನ ಲೆಕ್ಕ. ಮಳೆ ಕಮ್ಮಿಯಾದ ವರ್ಷ ಅಚ್ಚುಕಟ್ಟಿನ ಅರ್ಧಕ್ಕೇ ಭತ್ತ, ಉಳಿದದ್ದಕ್ಕೆ ರಾಗಿ ಅಂತ ಊರವರು ಕೂತು ಹೇಳಿದ್ರೆ ಮುಗೀತು. ಆದ್ರೂ ಕಾಲುವೆ ಕೊನೆಯ ರೈತನಿಗೆ ನೀರು ತಲುಪ್ತಿತ್ತು, ಯಾಕಂದ್ರೆ ಸುಗ್ಗಿಯಲ್ಲಿ ಕಣದ ಹತ್ರ ತಾತನಿಗೆ ಆಯ, ಅಂದ್ರೆ ಬೆಳೆಯ ಪಾಲು, ಅಳೆದು ಕೊಡೋನು ಅವನೂ ಒಬ್ಬ. ನೀರು ತಪ್ಪಿದ್ರೆ ಮನೆ ಮುಂದೆ ಬಂದು ಬಾಯಿಗೆ ಬಂದ ಹಾಗೆ ಬೈದು ಹೋಗೋನು.

ಇಷ್ಟಕ್ಕೇ ನಿಲ್ಲಿಸಿದ್ರೆ ಹಳ್ಳಿ ಎಷ್ಟು ಚೆಂದ ಅಂತ ಆಗುತ್ತೆ. ಊರಿಗೆಲ್ಲ ನೀರು ಹಂಚೋ ಅದೇ ತಾತ ಊರೊಳಗಿನ ಬಾವಿ ಹಗ್ಗ ಮುಟ್ಟೋ ಹಾಗಿರಲಿಲ್ಲ. ಊಟಕ್ಕೆ ಅಷ್ಟೇನೂ ಕೊರತೆ ಇರಲಿಲ್ಲ, ನಿಜ. ಆದ್ರೆ ‘ಸಾಯೋತನಕ ಇದೇ’ ಅನ್ನೋ ಮಾತನ್ನ ನಮ್ಮ ಮನೆಯಲ್ಲಿ ಯಾರೂ ಕುಣಿದಾಡ್ತಾ ಕೇಳಿಲ್ಲ ಕಣಮ್ಮ. ಪರಂಪರೆಯಿಂದ ಬಂದ ಊರ ಹುದ್ದೆಗಳನ್ನ ರದ್ದು ಮಾಡೋ ಕಾಯ್ದೆ 1961ರಲ್ಲೇ ಆಯ್ತು. ನಮ್ಮೂರಲ್ಲಿ ಆ ಕೆಲಸ ನಿಲ್ಲಿಸಿದ್ದು ಕಾಯ್ದೆ ಅಲ್ಲ, ಬೋರ್‌ವೆಲ್.

ಬೋರ್‌ವೆಲ್ ಬಂದ ಮೇಲೆ ಯಾರಿಗೂ ಯಾರ ಅಪ್ಪಣೆಯೂ ಬೇಡ. ದುಡ್ಡಿದ್ದೋನು ಕೊರೆಸಿದ, ಪಕ್ಕದೋನು ಇನ್ನೂ ಆಳಕ್ಕೆ ಕೊರೆಸಿದ. ಸಾವಿರ ಅಡಿ ದಾಟಿತು, ಬಂದ ನೀರಲ್ಲಿ ಫ್ಲೋರೈಡ್. ಹಾಗಾಗಿ ಬರೀ ಆಯ್ಕೆ ಆಯ್ಕೆ ಅಂತ ಜಪ ಮಾಡೋನಲ್ಲ ನಾನು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆ ಆಗಿ ನಮ್ಮ ಜಿಲ್ಲೆ ಕೆರೆಗಳಿಗೆ ಬಂತು. ನೀರು ಬೇಕಿತ್ತು, ಬೇಡ ಅನ್ನಲ್ಲ. ಮೂರನೇ ಹಂತದ ಶುದ್ಧೀಕರಣ ಯಾಕಿಲ್ಲ ಅಂತ ಕೇಳಿದೋರು ಹೈಕೋರ್ಟ್, ಸುಪ್ರೀಂ ಕೋರ್ಟ್ ಅಂತ ಅಲೆದರು. ಬೈಯೋಣ ಅಂದ್ರೆ ಪೈಪಿನ ಬಾಯಲ್ಲಿ ಯಾರೂ ನಿಂತಿರಲ್ಲ.

ಈಗ ನಿಮ್ಮ ಪುಸ್ತಕಕ್ಕೆ ಬನ್ನಿ. ಆ ಲೋಕ ಆಳೋರಲ್ಲಿ ಒಬ್ಬನಾದ ಕಂಟ್ರೋಲರ್ ಮುಸ್ತಫಾ ಮಾಂಡ್ ತನ್ನ ತಿಜೋರಿಯಲ್ಲಿ ಬೈಬಲ್ ಇಟ್ಕೊಂಡಿದ್ದಾನೆ, ಬೇರೆ ಯಾರೂ ಅದನ್ನ ಓದೋ ಹಾಗಿಲ್ಲ. ಹಿಂದೆ ಅವನು ಕದ್ದುಮುಚ್ಚಿ ವಿಜ್ಞಾನದ ಪ್ರಯೋಗ ಮಾಡಿ ಸಿಕ್ಕಿಬಿದ್ದಾಗ, ಗಡಿಪಾರಾಗಿ ದ್ವೀಪಕ್ಕೆ ಹೋಗ್ತೀಯೋ, ಕಂಟ್ರೋಲರ್ ಆಗೋ ದಾರಿ ಹಿಡೀತೀಯೋ ಅಂತ ಅವನನ್ನ ಕೇಳಿದ್ರು. ಅಂದ್ರೆ ಅಲ್ಲೂ ಆಯ್ಕೆ ಇದೆ, ಮೇಲಿನೋರ ಹತ್ರ. ಕೆಳಗಿನೋರ ಪಾಡೇನು? ಬುದ್ಧಿ ಬೆಳೀಬಾರದು ಅಂತ ಎಪ್ಸಿಲಾನ್ ಭ್ರೂಣಕ್ಕೆ ಆಮ್ಲಜನಕ ಕಮ್ಮಿ ಮಾಡ್ತಾರೆ. ಅಲ್ಲಿ ಕೆಲಸ ಗ್ಯಾರಂಟಿ ಅಂದ್ರೆ ಅದು. ನಿಮ್ಮಣ್ಣನನ್ನ ಯಾವ ಬಾಟಲಿಯಲ್ಲಿ ಇಡ್ತಿದ್ರು ಅಂತ ನೀವು ಅಂದ್ಕೊಂಡಿದ್ದೀರಿ?

ನಿವೃತ್ತ ಗುಮಾಸ್ತ, ತಿಪಟೂರು

ತುರ್ತು ಪರಿಸ್ಥಿತಿಯಲ್ಲಿ ರೈಲು ಹೊತ್ತಿಗೆ ಸರಿಯಾಗಿ ಬರ್ತಿತ್ತು ಅಂತ ಈಗಲೂ ಹೇಳೋರಿದ್ದಾರೆ. ನಮ್ಮ ಆಫೀಸಲ್ಲೂ ಹತ್ತಕ್ಕೆಲ್ಲ ಎಲ್ಲರೂ ಹಾಜರ್. ಅದೇ ಕಾಲದಲ್ಲಿ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾ ಇಟ್ಕೊಂಡು ಬೆಂಗಳೂರು ಜೈಲಿನಲ್ಲಿದ್ದರು. 1977ರ ಜನವರಿಯಲ್ಲಿ ಬಿಡುಗಡೆ ಆಯ್ತು, ಅದೇ ತಿಂಗಳು ತೀರಿಕೊಂಡರು. ಸುಪ್ರೀಂ ಕೋರ್ಟಲ್ಲಿ ಹೇಬಿಯಸ್ ಕಾರ್ಪಸ್ ಕೇಸು, ಅಂದ್ರೆ ಬಂಧನ ಸರಿಯೇ ಅಂತ ಬಂಧಿತರು ಕೋರ್ಟನ್ನ ಕೇಳಬಹುದಾ ಅನ್ನೋ ಕೇಸು, ನಡೆದಾಗ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಂದು ಪ್ರಶ್ನೆ ಹಾಕಿದರು: ಪೊಲೀಸನೊಬ್ಬ ದ್ವೇಷಕ್ಕೆ ಒಬ್ಬನನ್ನ ಕೊಂದರೂ ಪರಿಹಾರ ಇಲ್ಲವೇ? ತುರ್ತು ಪರಿಸ್ಥಿತಿ ಇರೋ ತನಕ ಇಲ್ಲ ಅಂದರು ಸರ್ಕಾರದ ವಕೀಲರು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ ತೀರ್ಪು ಕೊಟ್ಟರು, ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಳಬಾಗಿಲಿನವರು ಕೋರ್ಟಿಗೆ ಅಲೆದ ಮಾತು ಬರೆದಿದ್ದಾರಲ್ಲ, ಆಗ ಅಲೆಯೋಕೂ ಬಾಗಿಲಿರಲಿಲ್ಲ.

ಬಿ.ಎ. ವಿದ್ಯಾರ್ಥಿನಿ, ಚಿಂತಾಮಣಿ

ಅಣ್ಣಾ, ಬಾಟಲಿ ವಿಷಯ ನಾನು ಯೋಚಿಸಿರಲಿಲ್ಲ. ಆದ್ರೆ ನಮ್ಮ ಸರ್ ಬಿಡಲ್ಲ, ಸೈಪ್ರಸ್ ವಿಷಯ ಎತ್ತೇ ಎತ್ತುತ್ತಾರೆ. ಬರೀ ಆಲ್ಫಾಗಳನ್ನೇ ಆ ದ್ವೀಪದಲ್ಲಿ ಬಿಟ್ಟಿದ್ದಕ್ಕೆ ಕೆಳಗಿನ ಕೆಲಸ ಯಾರಿಗೂ ಬೇಡವಾಗಿ ಬಡಿದಾಡಿ ಸತ್ತರು, ಅದಕ್ಕೇ ಎಪ್ಸಿಲಾನ್‌ಗಳು ಬೇಕು ಅಂತಾನಲ್ಲ ಮಾಂಡ್.

ನೀರಗಂಟಿ ಮೊಮ್ಮಗ, ಮುಳಬಾಗಿಲು

ಹಾಗಂತ ಹೇಳಿದ್ದು ಮಾಂಡ್ ತಾನೇ? ತಾತನ ಕಾಲದಲ್ಲೂ ಗೌಡರು ಇದನ್ನೇ ಹೇಳ್ತಿದ್ರು, ಎಲ್ಲರೂ ಪಲ್ಲಕ್ಕಿಯಲ್ಲಿ ಕೂತ್ರೆ ಹೊರೋರು ಯಾರು ಅಂತ. ನಿಮ್ಮ ಸರ್‌ನ ಒಂದೇ ಮಾತು ಕೇಳಿ: ಆಮ್ಲಜನಕ ಕಡಿತ ಮಾಡದೆ ಬೆಳೆಸಿದ ಎಪ್ಸಿಲಾನ್ ಮಕ್ಕಳಿಗೆ ಒಂದು ದ್ವೀಪ ಕೊಟ್ಟು ಯಾರಾದ್ರೂ ನೋಡಿದ್ರಾ?