ಏನು ಕೇಳಿದರೂ ‘ಹೌದು ಬುದ್ಧಿ’ ಅಂತಾರೆ, ಸರ್ವೆ ಹೇಗೆ ಮಾಡಲಿ?

ಪ್ರಶ್ನೆ:
ಎಂ.ಎಸ್ಸಿ. ಪ್ರಾಜೆಕ್ಟಿಗೆ ಬಿಳಿಗಿರಿರಂಗನ ಬೆಟ್ಟದ ನೆಲ್ಲಿಮರ ಆರಿಸಿಕೊಂಡಿದ್ದೇನೆ. ನಲವತ್ತು ಪ್ರಶ್ನೆಯ ಹಾಳೆ ಹಿಡಿದು ಅಲ್ಲಿನ ಕಾಡುವಾಸಿ ಸೋಲಿಗರ ಪೋಡಿಗೆ, ಅಂದರೆ ಅವರ ಹಾಡಿಗೆ, ಹೋದೆ. "ನೆಲ್ಲಿ ಕಮ್ಮಿಯಾಗಿದೆಯಾ?" ಅಂದರೆ "ಹೌದು ಬುದ್ಧಿ". "ಜಾಸ್ತಿಯಾಗಿದೆಯಾ?" ಅಂದರೂ "ಹೌದು ಬುದ್ಧಿ". ಒಬ್ಬರು ಅಜ್ಜಿ ಮಾತ್ರ "ಉಂಡ್ಯಾ ಮಗ?" ಅಂತ ನನ್ನನ್ನೇ ಕೇಳಿದರು. ಕೈಯಲ್ಲಿ ಇನ್ನು ಹನ್ನೆರಡು ದಿನ ಇದೆ. ಪ್ರಶ್ನೆ ಬದಲಾಯಿಸಲಾ?

ಉತ್ತರ 1:
ಹಾಳೆ ರೂಮಿನಲ್ಲೇ ಬಿಡಿ. ಆ ಬೆಟ್ಟದಲ್ಲಿ ನಾಲ್ಕು ವರ್ಷ ಫೀಲ್ಡ್ ಅಸಿಸ್ಟೆಂಟ್ ಆಗಿದ್ದೆ. ನಾವೂ ಮೊದಲು ಮರ ಎಣಿಸಿ, ಕಾಯಿ ತೂಗಿ, ಜನ ಜಾಸ್ತಿ ಕೊಯ್ದರಾ ಅಂತಷ್ಟೇ ನೋಡುತ್ತಿದ್ದೆವು. ಒಂದು ದಿನ ಜೊತೆಗಿದ್ದ ಹಿರಿಯರು ಕೊಂಬೆ ತೋರಿಸಿ "ಉಪ್ಪಿಲು ನೋಡು" ಅಂದರು. ಬಂದಳಿಕೆ! ಮರದ ಮೇಲೇ ಬೆಳೆದು ಅದರ ರಸ ಹೀರುವ ಗಿಡ. ಬೇಸಿಗೆ ಶುರುವಿಗೆ ಸೋಲಿಗರು ಒಣಎಲೆಗೆ ಸಣ್ಣಗೆ ತರಗು ಬೆಂಕಿ ಹಾಕುತ್ತಿದ್ದಾಗ ಇದು ಇಷ್ಟೊಂದು ಇರಲಿಲ್ಲವಂತೆ. 1974ರಲ್ಲಿ ಅಭಯಾರಣ್ಯ ಆಯಿತು, ಬೆಂಕಿ ನಿಂತಿತು, ಲಂಟಾನ ಎದೆಮಟ್ಟ ಬೆಳೆಯಿತು. ಆಮೇಲೆ ಕೊಯ್ಲಿಗೂ ತಡೆ ಬಿತ್ತು. ಕಾಯಿ ಕೊಯ್ಯುವಾಗ ಬಂದಳಿಕೆ ಕಡಿಯುತ್ತಿದ್ದ ಕೈಗಳೂ ಇಲ್ಲವಾದವು. ಬಂದಳಿಕೆ ಹಿಡಿದ ನೆಲ್ಲಿ ಬೇಗ ಸಾಯುತ್ತದೆ ಅನ್ನುವುದು ಆಮೇಲೆ ಸಂಶೋಧಕರ ಅಳತೆಯಲ್ಲೂ ಕಂಡಿತು. ಸೋಲಿಗರ ಲೆಕ್ಕದಲ್ಲಿ ಬೆಂಕಿ, ಲಂಟಾನ, ನೆಲ್ಲಿ, ಕಾನೂನು ಎಲ್ಲ ಒಂದೇ ಕತೆ. ನೀವು ಅದರಲ್ಲಿ ಒಂದು ಪುಟ ಮಾತ್ರ ಹರಿದು ಓದಿ ಅಂದರೆ ಏನು ಹೇಳುತ್ತಾರೆ?

ಅವರ ಜೊತೆ ನಡೆಯಿರಿ. ಅರಣ್ಯ ಇಲಾಖೆಯ ಪರವಾನಗಿ ಇದ್ದರೆ ಸಾಲದು, ಗ್ರಾಮಸಭೆಯಲ್ಲೂ ಕೇಳಿ. 2011ರಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ.

ಉತ್ತರ 2:
ನಾನು ಅಲ್ಲಿನ ಪೋಡಿನವಳೇ. ‘ಹೌದು ಬುದ್ಧಿ’ ಅಂದರೆ ‘ಬೇಗ ಹೊರಡು’ ಅಂತ ಅರ್ಥ, ಬೇಜಾರಾಗಬೇಡಿ. ಹಿಂದೆ ಯಾರೋ ಬಂದು ರಕ್ತ ತೆಗೆದುಕೊಂಡು ಹೋದರು. ನಮ್ಮಲ್ಲಿ ಕುಡಗೋಲು ಕಣದ ರಕ್ತಹೀನತೆ (ಸಿಕಲ್ ಸೆಲ್ ಕಾಯಿಲೆ) ಇದೆ, ರಿಪೋರ್ಟಿಗೆ ಕಾದೆವು. ಇವತ್ತಿಗೂ ಬಂದಿಲ್ಲ. ಆದರೆ ನಮ್ಮ ಹಿರಿಯರು ಕಾಡು ಸುತ್ತಿ ದೇವರು, ಮಾರಮ್ಮ, ಕಲ್ಲುಗುಡಿ ತೋರಿಸಿ, ಸಂಶೋಧಕರು ಜಿಪಿಎಸ್ ಹಿಡಿದು 400ಕ್ಕೂ ಹೆಚ್ಚು ಜಾಗ ಗುರುತಿಸಿದರಲ್ಲ, ಆ ನಕ್ಷೆ ನಮ್ಮ ಹಕ್ಕಿನ ಕೆಲಸಕ್ಕೂ ಬಂತು. ನಿಮ್ಮ ವರದಿ ಕನ್ನಡದಲ್ಲಿ ಬರುತ್ತಾ? ಮೊದಲು ಅದನ್ನು ಹೇಳಿ.

ಪ್ರಶ್ನೆ ಕೇಳಿದವರು:
ಬರುತ್ತದೆ ಅಕ್ಕ. ಪೋಡಿನಲ್ಲೇ ಓದಿ ಹೇಳುತ್ತೇನೆ. ಗೈಡ್ ಹತ್ತಿರ ಇನ್ನೆರಡು ತಿಂಗಳು ಕೇಳುತ್ತೇನೆ, ಬೈತಾರೆ, ಇರಲಿ. ಅಜ್ಜಿಗೆ ಎಲೆಅಡಿಕೆ ತರಬಹುದಾ?

ಉತ್ತರ 2:
ತನ್ನಿ. ಸುಣ್ಣ ಮರೀಬೇಡಿ.