ಸಾಂಬಾ ಮಸೂರಿಗೆ ಸೇರಿಸಿದ ಮೂರು ಜೀನ್‌ಗಳು ಎಲೆ ಅಂಗಮಾರಿಯನ್ನು ತಡೆಯುವುದು ಹೇಗೆ?

ಪ್ರಶ್ನೆ | ಬಯಲುಸೀಮೆ

ಗಂಗಾವತಿ ಭಾಗದಲ್ಲಿ ನಾವು ಬಹುಕಾಲದಿಂದ ಬಿಪಿಟಿ 5204, ಅಂದರೆ ಸಾಂಬಾ ಮಸೂರಿ ಭತ್ತ ಬೆಳೆಯುತ್ತಿದ್ದೇವೆ. ಮುಂಗಾರಿನಲ್ಲಿ ಗಾಳಿಯೂ ಮಳೆಯೂ ಒಟ್ಟಿಗೆ ಬಂದರೆ ಎಲೆಗಳ ತುದಿ ಮತ್ತು ಅಂಚು ಹಳದಿಯಾಗಿ, ಅಲೆಯಲೆಯಾಗಿ ಒಣಗುತ್ತ ಬರುವ ದುಂಡಾಣು ಅಂಗಮಾರಿ ಕಾಣಿಸಿಕೊಳ್ಳುತ್ತದೆ. 2008ರಲ್ಲಿ ಬಿಡುಗಡೆಯಾದ ಸುಧಾರಿತ ಸಾಂಬಾ ಮಸೂರಿಯಲ್ಲಿ ಎಕ್ಸ್‌ಎ21, ಎಕ್ಸ್‌ಎ13, ಎಕ್ಸ್‌ಎ5 ಎಂಬ ಮೂರು ನಿರೋಧಕ ಜೀನ್‌ಗಳಿವೆ ಎಂದು ಓದಿದೆ. ರಕ್ತವಾಗಲಿ ಪ್ರತಿಕಾಯಗಳಾಗಲಿ ಇಲ್ಲದ ಗಿಡದೊಳಗೆ ಒಂದು ಜೀನ್ ರೋಗವನ್ನು ತಡೆಯುತ್ತದೆ ಎಂದರೆ ಅಲ್ಲಿ ನಿಜವಾಗಿ ನಡೆಯುವುದೇನು? ಒಂದು ಸಾಲದೆ ಮೂರು ಏಕೆ ಬೇಕಾದವು? ಇದು ಕುಲಾಂತರಿ ತಳಿಯೇ?

ಉತ್ತರ | ಬೀಜಾಂಕುರ

ಎಕ್ಸ್‌ಎ21 ಬಂದದ್ದು ಆಫ್ರಿಕಾದ ಕಾಡುಭತ್ತದಿಂದ. ಈ ಜೀನ್ ತಯಾರಿಸುವ ಪ್ರೋಟೀನು ಜೀವಕೋಶದ ಪೊರೆಯಲ್ಲಿ ಅಡ್ಡಲಾಗಿ ನೆಟ್ಟಿರುತ್ತದೆ. ಅದರ ಹೊರತುದಿಯು ದುಂಡಾಣು ಹೊರಬಿಡುವ ರಾಕ್ಸ್‌-ಎಕ್ಸ್ ಎಂಬ ಸಣ್ಣ ಪೆಪ್ಟೈಡನ್ನು (ಪ್ರೋಟೀನಿನ ತುಣುಕಿನಂಥದ್ದು) ಗುರುತಿಸಿದೊಡನೆ ಒಳತುದಿಯು ಕೋಶಕ್ಕೆ ಸುದ್ದಿ ಮುಟ್ಟಿಸಿ, ರಕ್ಷಣೆಯ ಇತರ ಜೀನ್‌ಗಳನ್ನು ಎಬ್ಬಿಸುತ್ತದೆ. ಜೀನು ಕೈಗೆ ಸಿಕ್ಕದ್ದು 1995ರಲ್ಲಿ, ಅದು ಗುರುತಿಸುವ ವಸ್ತು ಖಚಿತವಾದದ್ದು 2015ರಲ್ಲಿ. ನಡುವಿನ ಇಪ್ಪತ್ತು ವರ್ಷಗಳೇ ಈ ಕೆಲಸ ಎಷ್ಟು ಕಠಿಣವೆಂದು ಹೇಳುತ್ತವೆ.

ಉತ್ತರ | ಹೊಲದಂಚು

ಉಳಿದೆರಡರ ಬಗೆ ಬೇರೆ, ನನಗೆ ಹೆಚ್ಚು ಬೆರಗು ಹುಟ್ಟಿಸುವುದೂ ಅವೇ. ದುಂಡಾಣುವು ಸೂಜಿಯಂಥ ರಚನೆಯ ಮೂಲಕ ತನ್ನ ಪ್ರೋಟೀನುಗಳನ್ನು ಭತ್ತದ ಕೋಶದೊಳಕ್ಕೆ ತೂರಿಸುತ್ತದೆ. ಅವುಗಳಲ್ಲಿ ಒಂದು ಕೋಶಕೇಂದ್ರವನ್ನು ಸೇರಿ, ಸಕ್ಕರೆ ಸಾಗಿಸುವ ಗಿಡದ್ದೇ ಜೀನೊಂದರ ಮುಂಭಾಗದಲ್ಲಿ ಕುಳಿತು ಅದನ್ನು ಚಾಲೂ ಮಾಡುತ್ತದೆ. ಹೊರಬಂದ ಸಕ್ಕರೆ ದುಂಡಾಣುವಿಗೆ ಆಹಾರವಾಗುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಎಕ್ಸ್‌ಎ13 ಎಂದರೆ ಅದೇ ಸಕ್ಕರೆ ಜೀನಿನ ಇನ್ನೊಂದು ರೂಪ: ಅದರ ಮುಂಭಾಗದ ಡಿಎನ್‌ಎ ಅಕ್ಷರಗಳು ಬದಲಾಗಿರುವುದರಿಂದ ಆ ಪ್ರೋಟೀನಿಗೆ ಕೂರಲು ಜಾಗವಿಲ್ಲ. ಎಕ್ಸ್‌ಎ5ರಲ್ಲಿ, ಜೀನ್‌ಗಳನ್ನು ಓದುವ ಗಿಡದ ಯಂತ್ರದ ಒಂದು ಭಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ, ದುಂಡಾಣುವಿನ ಹಿಡಿತ ಸಡಿಲವಾಗುತ್ತದೆ. ಇಲ್ಲಿ ಗಿಡ ಹೋರಾಡುವುದಿಲ್ಲ, ವೈರಿಯ ಅಪ್ಪಣೆಗೆ ಮಣಿಯುವುದಿಲ್ಲ, ಅಷ್ಟೇ.

ಇವೆರಡೂ ಅಪ್ರಬಲ ಜೀನ್‌ಗಳು. ತಾಯಿ ತಂದೆ ಎರಡೂ ಕಡೆಯಿಂದ ಬಂದರೆ ಮಾತ್ರ ಫಲ. ಹಳೆಯ ರೂಪದ ಒಂದು ಪ್ರತಿ ಉಳಿದಿದ್ದರೂ ದುಂಡಾಣುವಿಗೆ ಅದು ಸಾಕು. ಆದ್ದರಿಂದ ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯ ಮತ್ತು ಕೋಶ ಹಾಗೂ ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು ಪ್ರತಿ ತಲೆಮಾರಿನಲ್ಲೂ ಡಿಎನ್‌ಎ ಗುರುತುಗಳನ್ನು ನೋಡಿ ಸಸಿಗಳನ್ನು ಆರಿಸಿದರು. ಇದು ಸಂಕರಣದಿಂದ ಬಂದ ತಳಿ, ಕುಲಾಂತರಿಯಲ್ಲ.

ಉತ್ತರ | ಬೀಜಾಂಕುರ

ಮೂರು ಏಕೆಂದರೆ, ರಾಕ್ಸ್‌-ಎಕ್ಸ್ ಮಾರ್ಪಟ್ಟ ದುಂಡಾಣು ಎಕ್ಸ್‌ಎ21ರ ಕಣ್ಣು ತಪ್ಪಿಸುತ್ತದೆ, ಬೇರೊಂದು ಸಕ್ಕರೆ ಜೀನನ್ನು ಚಾಲೂ ಮಾಡಬಲ್ಲ ದುಂಡಾಣು ಎಕ್ಸ್‌ಎ13ನ್ನು ಸುತ್ತಿ ದಾಟಿ ಹೋಗುತ್ತದೆ. ಈ ಬದಲಾವಣೆಗಳೆಲ್ಲ ಒಂದೇ ದುಂಡಾಣುವಿನಲ್ಲಿ ಕೂಡಿಬರುವುದು ಅಪರೂಪ. ಆದರೆ ಭತ್ತದ ಇನ್ನೊಂದು ಕಾಯಿಲೆಯಾದ ಬೆಂಕಿ ರೋಗ ಶಿಲೀಂಧ್ರದಿಂದ ಬರುವುದರಿಂದ ಅದಕ್ಕೆ ಈ ಮೂರೂ ತಡೆಯಲ್ಲ.

ಬಯಲುಸೀಮೆ

ಧನ್ಯವಾದಗಳು. ಮನೆಯಲ್ಲೇ ಬೀಜ ಉಳಿಸಿಕೊಂಡರೆ ಈ ಗುಣ ಕಳೆದುಹೋಗುತ್ತದೆಯೇ?

ಹೊಲದಂಚು

ಭತ್ತ ಬಹುಪಾಲು ಸ್ವಕೀಯ ಪರಾಗಸ್ಪರ್ಶದ ಬೆಳೆ, ಈ ತಳಿಯಲ್ಲಿ ಮೂರೂ ಜೀನ್‌ಗಳ ಎರಡೂ ಪ್ರತಿಗಳು ಇವೆ. ಆದ್ದರಿಂದ ಗುಣ ಉಳಿಯುತ್ತದೆ. ಕಣದಲ್ಲಿ ಹಳೆಯ ಬಿಪಿಟಿ ಬೆರೆಯದಂತೆ ಮಾತ್ರ ನೋಡಿಕೊಳ್ಳಿ, ಕಾಳು ನೋಡಿ ಎರಡನ್ನೂ ಬೇರ್ಪಡಿಸುವುದು ಬಹಳ ಕಷ್ಟ.